ದನದ ಡಾಕ್ಟ್ರ ಎರಡು ಸೀಟಿನ ಕಾರು

ಮಾತು ಬಾರದ ರೋಗಿಗಳಿಗೆ ಮದ್ದು ಮಾಡುವ ಉದ್ಯೋಗದಲ್ಲಿ ಮನುಷ್ಯನಿಗೆ ನಿಧಾನವಾಗಿ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ತನಗೆ ಎಲ್ಲವೂ ಗೊತ್ತು ಎಂಬ ಕಾಯಿಲೆ. ಮನುಷ್ಯರ ಡಾಕ್ಟರಿಗೆ ಈ ಅಪಾಯ ಕಡಿಮೆ. "ನಿಮ್ಮ ಗುಳಿಗೆಯಿಂದ ಎಂತ ಪ್ರಯೋಜನವೂ ಆಗಲಿಲ್ಲ" ಎಂದು ರೋಗಿ ಮುಖದೆದುರೇ ಹೇಳಿ ಹೋಗುತ್ತಾನೆ. ಎಮ್ಮೆ ಹಾಗೆ ಹೇಳುವುದಿಲ್ಲ. ಹೆಚ್ಚೆಂದರೆ ಒದೆಯುತ್ತದೆ, ಅದನ್ನು ನಾವು ರೋಗದ ಲಕ್ಷಣ ಎಂದು ಬರೆದುಕೊಳ್ಳುತ್ತೇವೆ. ಸುಳ್ಯದ ದನದ ಆಸ್ಪತ್ರೆಯಲ್ಲಿ ಆರು ವರ್ಷ ಹೀಗೆ ಎದುರುಮಾತು ಕೇಳದೆ ಕಳೆದ ನನಗೆ, ಬಾಯಿಲ್ಲದ್ದು ಯಾವುದೇ ಇರಲಿ, ಬಿಚ್ಚಿ ನೋಡಿದರೆ ಸರಿ ಮಾಡಬಲ್ಲೆ ಎಂಬ ಧೈರ್ಯ ಬಂದಿತ್ತು. ಆ ಧೈರ್ಯಕ್ಕೆ ನಾಲ್ಕು ಚಕ್ರ ಕೂಡಿಕೊಂಡದ್ದು ಐವತ್ತರ ದಶಕದ ಕೊನೆಯಲ್ಲಿ.

ಸಂಪಾಜೆಯ ಕಡೆ ತೋಟ ಮಾಡಿಕೊಂಡಿದ್ದ ಒಬ್ಬ ಬಿಳಿಯ ದೊರೆ ಎಲ್ಲವನ್ನೂ ಮಾರಿ ತನ್ನ ದೇಶಕ್ಕೆ ಹೊರಟಿದ್ದ. ಅವನ ಕುದುರೆಯ ಹೊಟ್ಟೆನೋವನ್ನು ನಾನು ಒಮ್ಮೆ ಗುಣಪಡಿಸಿದ್ದೆ. ಆ ಉಪಕಾರಕ್ಕೆ ಅವನು ತನ್ನ ಹಸಿರು ಬಣ್ಣದ ಕಾರನ್ನು ಒಂದು ಎಮ್ಮೆಯ ಬೆಲೆಗೆ ನನಗೆ ಕೊಟ್ಟ. ಎರಡೇ ಸೀಟು, ತಲೆಯ ಮೇಲೆ ಮುಚ್ಚುವ ಮಾಡು ಇಲ್ಲ, ಉದ್ದ ಮೂತಿ. ಪ್ರಾಯದಲ್ಲಿ ಅವನು ಇದರಲ್ಲಿ ಪಂದ್ಯ ಓಡಿಸುತ್ತಿದ್ದನಂತೆ. ಎಷ್ಟು ತಗ್ಗೆಂದರೆ, ಒಳಗೆ ಕೂತರೆ ರಸ್ತೆಯ ಮೇಲೆ ಚಾಪೆ ಹಾಸಿ ಕೂತ ಹಾಗೆ. ಎದುರು ಬರುವ ಗಾಡಿಯ ಎತ್ತುಗಳನ್ನು ಕತ್ತೆತ್ತಿ ನೋಡಬೇಕು. ಪಂದ್ಯ ಓಡಿಸಿದ್ದು ಯಾವ ಕಾಲದಲ್ಲೋ. ನನ್ನ ಕೈಗೆ ಬರುವಾಗ ಅದಕ್ಕೆ ಕೆಮ್ಮು, ದಮ್ಮು, ಸಂಧಿವಾತ, ಜೊತೆಗೆ ಸದಾ ಎಣ್ಣೆ ಸೋರುವ ವ್ಯಾಧಿ ಎಲ್ಲ ಇತ್ತು.

ಕಾರಿನ ಜೊತೆ ಒಂದು ಪುಸ್ತಕವೂ ಬಂದಿತ್ತು, ಮಾಲಕನೇ ಮನೆಯಲ್ಲಿ ರಿಪೇರಿ ಮಾಡಿಕೊಳ್ಳುವುದು ಹೇಗೆ ಎಂದು ಚಿತ್ರಸಹಿತ ಹೇಳಿಕೊಡುವ ಇಂಗ್ಲಿಷ್ ಪುಸ್ತಕ. ಅದರ ನಡುವಿನ ಹಾಳೆಗಳನ್ನು ಗೆದ್ದಲು ತಿಂದಿತ್ತು. ಬಿಚ್ಚುವ ಕ್ರಮ ಪೂರ್ತಿಯಾಗಿ ಉಳಿದಿತ್ತು. ಜೋಡಿಸುವ ಕ್ರಮ ಗೆದ್ದಲಿನ ಹೊಟ್ಟೆಯಲ್ಲಿತ್ತು. ಇದು ಶುಭಸೂಚನೆ ಅಲ್ಲವೆಂದು ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ನಾನು ಮಾತ್ರ ಪ್ರತಿ ಸಂಜೆ ಆಸ್ಪತ್ರೆಯಿಂದ ಬಂದು, ಹಳೆಯ ಲುಂಗಿ ಉಟ್ಟು, ಗೋಣಿ ಹಾಸಿ ಕಾರಿನ ಅಡಿಗೆ ಸೇರುತ್ತಿದ್ದೆ. ಸ್ಟೆತಸ್ಕೋಪು ಇಟ್ಟು ಇಂಜಿನಿನ ಬಡಿತ ಕೇಳಿದೆ. ಎತ್ತಿಗೆ ಮದ್ದು ಕುಡಿಸುವ ಬಿದಿರಿನ ಗೊಟ್ಟದಿಂದ ಎಣ್ಣೆ ಕುಡಿಸಿದೆ. ಹರಿದ ಸೀಟನ್ನು ಗಾಯಕ್ಕೆ ಹೊಲಿಗೆ ಹಾಕುವ ಸೂಜಿಯಿಂದಲೇ ಹೊಲಿದೆ. ಅದೊಂದು ಕೆಲಸ ಮಾತ್ರ ಕೊನೆಯವರೆಗೂ ಚೆನ್ನಾಗಿ ನಿಂತಿತು. ಬಾನೆಟ್ಟಿನ ಮೇಲೆ ಬಿಗಿಯುವ ಚರ್ಮದ ಪಟ್ಟಿ ತುಂಡಾದಾಗ ಎತ್ತಿನ ಕೊರಳಪಟ್ಟಿ ತಂದು ಕಟ್ಟಿದೆ. ಅದರಲ್ಲಿದ್ದ ಗಂಟೆಯನ್ನು ತೆಗೆಯಲು ಮರೆತದ್ದರಿಂದ ಹಾರನ್ನಿನ ಕೊರತೆಯೂ ನೀಗಿತು.

ನನ್ನ ಹೆಂಡತಿ ಶಾರದೆಗೆ ಇದರಲ್ಲಿ ಇದ್ದ ಆಕ್ಷೇಪ ಒಂದೇ. "ಮನೆಗೆ ಯಾರು ಬಂದರೂ ನಿಮ್ಮ ಪಾದದ ಹತ್ತಿರ ನಿಂತು ಮಾತಾಡ್ಬೇಕು. ಮೊನ್ನೆ ನನ್ನ ಸೋದರಮಾವ ಬಂದವರು ಪಾದಕ್ಕೆ ಕೈ ಮುಗಿದು ಹೋದ್ರು. ನೋಡಿದವರು ಎಂತ ತಿಳ್ಕೊಳ್ಬೇಕು?"

ಒಂದು ದಿನ ಎಲ್ಲ ಬಿಚ್ಚಿ, ಒರೆಸಿ, ಜೋಡಿಸಿದ ಮೇಲೂ ಗೋಣಿಯ ಮೇಲೆ ನಾಲ್ಕು ತುಂಡುಗಳು ಉಳಿದವು. ಕಾರು ಉಸಿರೆತ್ತಲಿಲ್ಲ. ಲಾರಿಗೆ ಹಗ್ಗ ಕಟ್ಟಿ ಪುತ್ತೂರಿಗೆ ಎಳೆಸಿಕೊಂಡು ಹೋದೆ. ಅಲ್ಲಿ ಮೋನು ಬ್ಯಾರಿಯ ವರ್ಕ್‌ಶಾಪು. ಮೋನು ಬ್ಯಾರಿ ಓದಿದವರಲ್ಲ, ಆದರೆ ಜಿಲ್ಲೆಯ ಅರ್ಧ ಬಸ್ಸುಗಳ ಹೊಟ್ಟೆಯೊಳಗೆ ಕೈ ಹಾಕಿದವರು. ಬಾನೆಟ್ ಎತ್ತಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಬಾನೆಟ್ಟಿನೊಳಗೆ ನೋಡಿದರು.

"ಡಾಕ್ಟ್ರೆ, ಇಷ್ಟು ದಿನ ಎಂತ ಮಾಡ್ತಾ ಇದ್ರಿ? ಮನೆಯಲ್ಲಿ ಕಂಡ ಕಂಡ ಮದ್ದೆಲ್ಲ ಮಾಡಿ, ಇನ್ನು ಆಗುದಿಲ್ಲ ಅಂತಾದ ಮೇಲೆ ತರುದಾ?"

ದನಕ್ಕೆ ಬರೆ ಹಾಕಿ, ಸೊಪ್ಪಿನ ರಸ ಕುಡಿಸಿ, ಕೊನೆಯುಸಿರಿಗೆ ಬಂದಾಗ ಕರೆತರುವ ರೈತರಿಗೆ ನಾನು ಆರು ವರ್ಷದಿಂದ ಬೈಯುತ್ತಿದ್ದ ಬೈಗುಳ ಅದು, ಒಂದಕ್ಷರ ವ್ಯತ್ಯಾಸವಿಲ್ಲದೆ. ಆ ರೈತರು ಬೈಸಿಕೊಂಡು ಮಾಡುವುದನ್ನೇ ನಾನೂ ಮಾಡಿದೆ. ತಲೆ ತಗ್ಗಿಸಿ, ಹೌದೆಂದು ಹೇಳಿ, ಅವರು ಸರಿ ಮಾಡಿಕೊಟ್ಟ ಕಾರನ್ನು ಮನೆಗೆ ತಂದ ಮೇಲೆ ಪುನಃ ನನ್ನ ಮದ್ದನ್ನೇ ಮುಂದುವರಿಸಿದೆ.

ಹೀಗಿರುವಾಗ ಒಂದು ಏಪ್ರಿಲ್ ತಿಂಗಳ ಬೆಳಿಗ್ಗೆ ಕೊಲ್ಲಮೊಗ್ರಿನಿಂದ ಕುಶಾಲಪ್ಪ ಗೌಡರು ಬಂದರು. ಅರ್ಧ ದಾರಿ ನಡೆದು, ಅರ್ಧ ದಾರಿ ಬಸ್ಸಿನಲ್ಲಿ ಬಂದಿದ್ದರು. ಅವರ ದನಕ್ಕೆ ಬೆಳಗ್ಗಿನ ಜಾವದಿಂದ ಹೆರಿಗೆ ನೋವು, ಕರು ಹೊರಗೆ ಬರುತ್ತಿಲ್ಲ. "ಮುಂದಿನ ಬಸ್ಸು ಹನ್ನೊಂದಕ್ಕೆ ಉಂಟು ಡಾಕ್ಟ್ರೆ" ಎಂದರು. "ಬಸ್ಸು ಎಂತಕ್ಕೆ? ನನ್ನ ಕಾರು ಉಂಟಲ್ಲ" ಎಂದೆ. ಗೌಡರು ಕಾರಿಗೆ ಒಂದು ಸುತ್ತು ಬಂದರು. ಅಂಗಲಾಚಲು ಬಂದವನು ಆರಿಸುವಂತಿಲ್ಲ, ಹತ್ತಿ ಕೂತರು.

ಗುತ್ತಿಗಾರಿನವರೆಗೆ ಕಾರು ದೊರೆಯ ಕಾಲವನ್ನು ನೆನಪಿಸಿಕೊಂಡು ಓಡಿತು. ಗಂಟೆ ಕಿಣಿಕಿಣಿ ಎನ್ನುತ್ತಿತ್ತು, ಗೌಡರು ಮುಂಡಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಅಲ್ಲಿಂದ ಮುಂದೆ ಏರುದಾರಿ, ನೆತ್ತಿ ಸುಡುವ ಬಿಸಿಲು. ಒಂದು ಏರಿನ ನಡುವೆ ಕಾರು ಎರಡು ಸಲ ಬಿಕ್ಕಳಿಸಿ ನಿಂತುಬಿಟ್ಟಿತು.

"ಐದು ನಿಮಿಷ" ಎಂದೆ. ಬಾನೆಟ್ ಎತ್ತಿ ಪ್ಲಗ್ಗುಗಳನ್ನು ತೆಗೆದು ಒರೆಸಿದೆ. ಪ್ರಯೋಜನವಾಗಲಿಲ್ಲ. ಕಾರ್ಬುರೇಟರನ್ನು ಬಿಚ್ಚಿ ಪಂಚೆಯ ಮೇಲೆ ಹರಡಿದೆ. ಗೌಡರು ಒಂದು ಮರದ ನೆರಳಿನಲ್ಲಿ ನಿಂತು ನೋಡುತ್ತಿದ್ದರು. ಒಮ್ಮೆ ಏರಿನ ತುದಿಯವರೆಗೆ ನಡೆದುಹೋಗಿ ವಾಪಸು ಬಂದರು. ನನಗೆ ಆಗ ದನದ ನೆನಪೇ ಇರಲಿಲ್ಲ. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅವರೆದುರು ಸೋಲಬಾರದು ಎಂಬುದೊಂದೇ ತಲೆಯಲ್ಲಿತ್ತು. ಮತ್ತೆ ಜೋಡಿಸಿದೆ, ಇಂಜಿನ್ ಹೊರಡಿಸಲು ಮೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಿದೆ, ಬೆವರಿದೆ, ಮತ್ತೆ ಬಿಚ್ಚಿದೆ. ಮುಕ್ಕಾಲು ಗಂಟೆ ಕಳೆದಿರಬೇಕು. ಗೌಡರು ಹತ್ತಿರ ಬಂದು ಬಹಳ ಮೆಲ್ಲಗೆ ಹೇಳಿದರು:

"ಡಾಕ್ಟ್ರೆ, ಇದು ಇಲ್ಲೇ ಇರಲಿ. ಇದಕ್ಕೆ ಜೀವಕ್ಕೆ ಅಪಾಯ ಎಂತ ಇಲ್ಲ. ನಿಮ್ಮ ಚೀಲ ನಾನು ಹೊರ್ತೇನೆ, ಇನ್ನು ಎರಡೇ ಮೈಲು, ನಡೆಯುವ."

ಕೋಪದಿಂದ ಹೇಳಿದ್ದರೆ ಒಳ್ಳೆಯದಿತ್ತು. ಕೈಗೆ ಸಿಕ್ಕಿದ ಹಾಗೆ ಎಲ್ಲವನ್ನೂ ಜೋಡಿಸಿಟ್ಟು ಅವರ ಹಿಂದೆ ಹೆಚ್ಚುಕಡಿಮೆ ಓಡಿದೆ.

ಹಟ್ಟಿಯಲ್ಲಿ ದನ ಮಗ್ಗುಲಾಗಿ ಬಿದ್ದುಕೊಂಡಿತ್ತು, ತಿಣುಕುವುದಕ್ಕೂ ಶಕ್ತಿಯಿರಲಿಲ್ಲ. ಗೌಡರ ಮುದಿ ತಾಯಿ ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಮ್ಮನ್ನು ಕಂಡವರೇ, "ಇಷ್ಟು ಹೊತ್ತು ಎಂತ ಮಾಡಿದ್ದು ಮಗಾ?" ಎಂದು ಕೇಳಿದರು.

ಗೌಡರು ನನ್ನ ಗ್ರೀಸು ಮೆತ್ತಿದ ಕೈಗೆ ಸಾಬೂನು ಕೊಡುತ್ತಾ ಹೇಳಿದರು: "ಡಾಕ್ಟ್ರಿಗೆ ದಾರಿಯಲ್ಲಿ ಇನ್ನೊಂದು ಕೇಸು ಇತ್ತು ಅಮ್ಮ."

ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಭುಜದವರೆಗೆ ಕೈ ಹಾಕಿ, ಕರುವನ್ನು ಒಳಕ್ಕೆ ದೂಡಿ, ಆ ಕಾಲನ್ನು ಹುಡುಕಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮುಂದಕ್ಕೆ ತಂದೆ. ಹೊರಗೆ ಬಂದ ಕರು ಒದ್ದೆ ಬಟ್ಟೆಯ ಹಾಗೆ ಬಿತ್ತು. ನಾಲಿಗೆ ಊದಿತ್ತು, ಉಸಿರಿಲ್ಲ. ಮೂಗು ಬಾಯಿ ಒರೆಸಿದೆ, ಹಿಂಗಾಲು ಹಿಡಿದು ತಲೆಕೆಳಗು ಮಾಡಿದೆ, ಹುಲ್ಲಿನಿಂದ ಎದೆ ತಿಕ್ಕಿದೆ. ಆ ಮುಕ್ಕಾಲು ಗಂಟೆ ನನ್ನ ಎದೆಯ ಮೇಲೆ ಕೂತಿತ್ತು. ಅಜ್ಜಿ ಒಂದು ಹುಲ್ಲಿನ ಕಡ್ಡಿ ತೆಗೆದು ಕರುವಿನ ಮೂಗಿನೊಳಗೆ ತುರುಕಿದರು. ಕರು ಸೀನಿತು. ಇನ್ನೊಮ್ಮೆ ಸೀನಿತು. ದನ ಕತ್ತೆತ್ತಿ ಅತ್ತ ನೋಡಿತು. ಅಜ್ಜಿ, "ಹೆಣ್ಣು" ಎಂದರು, ಅಷ್ಟೇ.

ಬೆಲ್ಲ ನೀರು ಕುಡಿದು, ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಹೊರಟೆವು. ಕಾರನ್ನು ಎಳೆಯಲೆಂದು ಗೌಡರು ಒಂದು ಜೊತೆ ಎತ್ತುಗಳನ್ನೂ ಹೊಡೆದುಕೊಂಡು ಬಂದರು. ದಾರಿಯುದ್ದಕ್ಕೂ ನಾನು ಒಂದು ತೀರ್ಮಾನಕ್ಕೆ ಬರುತ್ತಿದ್ದೆ. ಈ ಮನುಷ್ಯನೆದುರು ಒಪ್ಪಿಕೊಳ್ಳಬೇಕು: ನನಗೆ ಇಂಜಿನ್ ರಿಪೇರಿ ಬರುವುದಿಲ್ಲ, ನನ್ನ ಹುಚ್ಚಿನಿಂದ ನಿಮ್ಮ ಕರು ಸಾಯುವುದರಲ್ಲಿತ್ತು, ತಪ್ಪಾಯಿತು. ಮಾತುಗಳನ್ನು ಬಾಯಲ್ಲಿ ಹೊಂದಿಸಿಕೊಂಡೆ. ಕಾರಿನ ಹತ್ತಿರ ಬಂದು, ಹೇಳುವ ಮೊದಲು ಕೈಗೆ ಏನಾದರೂ ಕೆಲಸವಿರಲಿ ಎಂದು ಹ್ಯಾಂಡಲನ್ನು ಒಮ್ಮೆ ಸುಮ್ಮನೆ ತಿರುಗಿಸಿದೆ.

ಇಂಜಿನ್ ಹೊರಟೇಬಿಟ್ಟಿತು. ಕೆಮ್ಮಿಲ್ಲ, ಬಿಕ್ಕಳಿಕೆಯಿಲ್ಲ. ಎತ್ತುಗಳು ಹೆದರಿ ಹಿಂದೆ ಸರಿದವು.

ಗೌಡರ ಮುಖ ಅರಳಿತು. "ಅಬ್ಬಾ! ಆಗ ನೀವು ಬಿಚ್ಚಿ ಹಾಕಿದ್ದು ಈಗ ಕೆಲಸಕ್ಕೆ ಬಂತು ನೋಡಿ. ನನಗೆ ಗೊತ್ತಾಗ್ಲಿಲ್ಲ ಮಾರಾಯ್ರೆ, ನಾನು ಅವಸರ ಮಾಡಿದೆ."

ಒಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. "ಸ್ವಲ್ಪ ಕಸ ಸಿಕ್ಕಿಕೊಂಡಿತ್ತು" ಎಂದೆ.

ಮುಂದಿನ ವಾರ ಮೋನು ಬ್ಯಾರಿಗೆ ವಿಷಯ ಹೇಳಿದಾಗ ಅವರು ನಗುತ್ತಾ ನಗುತ್ತಾ ಟೊಪ್ಪಿ ಸರಿಮಾಡಿಕೊಂಡರು. "ಎಂತ ಕಸ ಡಾಕ್ಟ್ರೆ? ಬಿಸಿಲಿಗೆ ಪೈಪಿನಲ್ಲಿ ಪೆಟ್ರೋಲು ಆವಿ ಆಗಿದೆ. ತಣಿದ ಮೇಲೆ ತಾನಾಗಿ ಹೊರಟಿದೆ. ನೀವು ಮುಟ್ಟದೆ ಒಂದು ಎಳನೀರು ಕುಡಿದು ಕೂತಿದ್ರೂ ಸಾಕಿತ್ತು."

ಆಸ್ಪತ್ರೆಗೆ ಬರುವ ದನಗಳಲ್ಲಿ ಎಷ್ಟು ಹೀಗೆಯೇ ತಾನಾಗಿ ತಣಿದು ಎದ್ದುಹೋಗಿ ನನಗೆ ಹೆಸರು ತಂದಿರಬಹುದು ಎಂಬ ಲೆಕ್ಕಕ್ಕೆ ನಾನು ಆ ದಿನ ಇಳಿಯಲಿಲ್ಲ. ಹಾಗೆ ಇಳಿದರೆ ಸರಕಾರಿ ನೌಕರಿ ಮಾಡುವುದು ಕಷ್ಟ.

ಕುಶಾಲಪ್ಪ ಗೌಡರು ಮಾತ್ರ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಹದಿನೈದು ದಿನ ಕಳೆದಿರಬೇಕು, ಕಡಬದ ಕಡೆಯ ಒಬ್ಬರು ಆಸ್ಪತ್ರೆಯ ಜಗಲಿಯಲ್ಲಿ ಕಾಯುತ್ತಿದ್ದರು. ಜೊತೆಯಲ್ಲಿ ದನವಿಲ್ಲ, ನಾಯಿಯೂ ಇಲ್ಲ. ಎದುರು ಗೋಣಿಯಲ್ಲಿ ಸುತ್ತಿದ, ಅಡಿಕೆಗೆ ಮದ್ದು ಬಿಡುವ ಪಂಪು.

"ಡಾಕ್ಟ್ರೆ, ಇದು ಎಳೆಯುದೇ ಇಲ್ಲ. ಕೊಲ್ಲಮೊಗ್ರಿನ ಗೌಡರು ಹೇಳಿದ್ರು, ಡಾಕ್ಟ್ರು ಬಿಚ್ಚಿ ಮುಚ್ಚಿದ್ರೆ ಸಾಕು, ಸಂಜೆಗೆ ಸರಿ ಆಗ್ತದೆ ಅಂತ."

ಇದು ದನದ ಆಸ್ಪತ್ರೆ, ಇಲ್ಲಿ ಪಂಪು ನೋಡುವುದಿಲ್ಲ, ಪುತ್ತೂರಿಗೆ ಹೋಗಿ ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು, ಎಂಥ ನಂಬಿಕೆಯ ಕಣ್ಣುಗಳು! ನಾನು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಂಪನ್ನು ಹತ್ತಿರ ಎಳೆದುಕೊಂಡು, ಗಂಭೀರವಾಗಿ ಕೇಳಿದೆ:

"ಎಷ್ಟು ದಿನದಿಂದ ಹೀಗೆ?"