ಕ್ಯಾರಿಯರ್ ಮೇಲಿದ್ದ ಸರೋಜಮ್ಮ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬುಧವಾರ ಬೆಳಿಗ್ಗೆ ಶಿವಾಜಿನಗರದಿಂದ ಬಸ್ಸಿನಲ್ಲಿ ಕಗ್ಗದಾಸಪುರಕ್ಕೆ ಮರಳುತ್ತಿದ್ದೆ. ಇಳಿಯುವಾಗ ನೋಡಿದರೆ, ನನ್ನ ಸೀಟಿನ ಕೆಳಗೆ ಸ್ಟೀಲಿನ ಟಿಫಿನ್ ಕ್ಯಾರಿಯರ್ ಅನಾಥವಾಗಿ ನಿಂತಿತ್ತು. ಕಂಡಕ್ಟರ್ ಕೈಗೆ ಕೊಟ್ಟಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದಿತ್ತು: 'ಟಿ. ಸರೋಜಮ್ಮ, ಮರ್ಫಿ ಟೌನ್.' ಹೆಸರಿದೆ, ಜಾಗವಿದೆ, ನನ್ನ ಬಳಿ ಇಂಟರ್‌ನೆಟ್ ಇದೆ. ಇನ್ನೇನು ಬೇಕು?

ಮನೆಯಲ್ಲಿ ಹೆಂಡತಿ ಪದ್ಮಾ ಡಬ್ಬಿಗಳನ್ನು ಬಿಡಿಸಿದಳು. ಮೇಲಿನದರಲ್ಲಿ ಚಿತ್ರಾನ್ನ. ಕೆಳಗಿನದರಲ್ಲಿ, ಅರಿಸಿನದ ಬಟ್ಟೆಯೊಳಗೆ, ಹೊಚ್ಚ ಹೊಸ ಚಿನ್ನದ ತಾಳಿ!

"ಅಯ್ಯೋ, ಯಾರದೋ ಮದುವೆ ರೀ! ಕಳ್ಳರ ಭಯಕ್ಕೆ ಊಟದ ಡಬ್ಬೀಲಿ ಬಚ್ಚಿಟ್ಟಿದ್ದಾರೆ. ಮೊದಲು ಸ್ಟೇಷನ್‌ಗೆ ಕೊಟ್ಟು ಬನ್ನಿ."

"ಸ್ಟೇಷನ್‌ಗೆ ಹೋದ್ರೆ ನನ್ನನ್ನೇ ಕೂರಿಸ್ಕೋತಾರೆ. ಅರ್ಧ ಗಂಟೇಲಿ ಹುಡುಕ್ತೀನಿ ನೋಡು."

"ಎಲ್ಲಿ ಅಂತ ಹುಡುಕ್ತೀರಿ?"

"ಅದು ನನಗೆ ಬಿಡು."

ಹೆಸರು ಕೊಟ್ಟರೆ ಮನುಷ್ಯರನ್ನೇ ಹುಡುಕಿಕೊಡುವ ವೆಬ್‌ಸೈಟ್ ಒಂದಿದೆ. ಅದರಲ್ಲಿ ಸರೋಜಮ್ಮ ಸಿಕ್ಕೇಬಿಟ್ಟರು. ವಯಸ್ಸು ಅರವತ್ತೆಂಟು. ಈಗಿನ ಬೀದಿ, ಮೊದಲಿದ್ದ ಮನೆ, ಪತಿ ತಿಮ್ಮಯ್ಯ, ದುಬೈನಲ್ಲಿ ಕೆಲಸ ಮಾಡುವ ಮಗಳು ವೀಣಾ. ಎಲ್ಲವನ್ನೂ ಕಾಗದದ ಮೇಲೆ ಅಂದವಾಗಿ ಬರೆದುಕೊಂಡೆ. ಮೂವತ್ತು ವರ್ಷ ಕಚೇರಿಯಲ್ಲಿ ಫೈಲು ಪರಿಶೀಲಿಸಿದವನು ನಾನು. ಗುರುತು ಖಚಿತವಾಗದೆ ಚಿನ್ನ ಕೊಡುವುದುಂಟೆ?

ಮಧ್ಯಾಹ್ನ ಮರ್ಫಿ ಟೌನಿಗೆ ಹೋಗಿ ಬಾಗಿಲು ತಟ್ಟಿದೆ. ಗ್ರಿಲ್ಲಿನ ಹಿಂದೆ ವಯಸ್ಸಾದ ಹೆಂಗಸು. ಕ್ಯಾರಿಯರನ್ನು ಬ್ಯಾಗಿನಲ್ಲೇ ಇಟ್ಟುಕೊಂಡು, ಕಾಗದ ಬಿಡಿಸಿ, ವಿಚಾರಣೆ ಆರಂಭಿಸಿದೆ.

"ಟಿ. ಸರೋಜಮ್ಮ ನೀವೇನಾ? ಅರವತ್ತೆಂಟು ವರ್ಷ? ಮೊದಲು ಹಲಸೂರಲ್ಲಿದ್ರಿ?"

ಆಕೆ ಗ್ರಿಲ್ ಹಿಡಿದುಕೊಂಡರು. "ಯಾರಪ್ಪಾ ನೀನು?"

"ಮಗಳು ವೀಣಾ ದುಬೈನಲ್ಲಿದ್ದಾರೆ, ಸರಿನಾ?"

"ವೀಣಂಗೆ ಏನಾಯ್ತು?"

ಆಕೆಯ ಮುಖ ಬಿಳಿಚಿಕೊಂಡಿತು. ಆಗಲಾದರೂ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ!

"ಏನೂ ಇಲ್ಲಮ್ಮ. ಯಜಮಾನ್ರು ತಿಮ್ಮಯ್ಯ ಒಳಗಿದ್ದಾರಲ್ಲ, ಕರೀರಿ."

ತಿಮ್ಮಯ್ಯನವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ವೆಬ್‌ಸೈಟಿಗೆ ಯಾರೂ ತಿಳಿಸಿರಲಿಲ್ಲ.

ಆಕೆ ಕೂಗಿದ ಕೂಗಿಗೆ ಬೀದಿಯೇ ಬಂತು. ಪಕ್ಕದ ಮನೆಯ ಆಟೋ ಬಾಬು ಕಾಗದ ಕಿತ್ತುಕೊಂಡು ಓದಿದ. "ಅಕ್ಕನ ಪೂರ್ತಿ ಜಾತಕ ಬರ್ಕೊಂಡು ಬಂದವ್ನೆ ಗುರೂ! ಬ್ಯಾಗಲ್ಲೇನೈತೆ? ತೆಗಿ!"

ಬ್ಯಾಗಿನಲ್ಲಿ ಏನಿತ್ತೆಂದು ನಿಮಗೆ ಗೊತ್ತು. ಯಾರದೋ ತಾಳಿ, ಒಂಟಿ ಹೆಂಗಸಿನ ಮನೆಯ ವಿವರ, ಬಾಯಿ ಒಣಗಿದ ಗಂಡಸು. ಫೈಲು ನೋಡಿದ ಅನುಭವದಿಂದ ಹೇಳುತ್ತೇನೆ, ನನ್ನ ಮೇಲಿನ ಕೇಸಿನಲ್ಲಿ ಒಂದು ಕೊರತೆಯೂ ಇರಲಿಲ್ಲ!

ಕ್ಯಾರಿಯರ್ ಹೊರಬಂತು. ಬೆವರುತ್ತ, ತೊದಲುತ್ತ, ಬಸ್ಸಿನಿಂದ ಹಿಡಿದು ಎಲ್ಲ ಹೇಳಿದೆ. ಸರೋಜಮ್ಮ ಮುಚ್ಚಳ ತಿರುಗಿಸಿ ನೋಡಿದರು.

"ಇದು ನಂದಲ್ಲ, ನಾನು ಮುಯ್ಯಿಗೆ ಕೊಟ್ಟಿದ್ದು. ಮದುವೆ, ಗೃಹಪ್ರವೇಶ ಅಂತ ಏಳೆಂಟು ಮನೆಗೆ ಇಂಥದ್ದೇ ಕೊಟ್ಟಿದೀನಿ. ಪಾತ್ರೆ ಮೇಲೆ ಕೊಟ್ಟೋರ ಹೆಸರಿರುತ್ತೆ ಕಣಪ್ಪಾ, ಇಟ್ಕೊಂಡೋರದ್ದಲ್ಲ. ಅಷ್ಟೂ ಗೊತ್ತಿಲ್ವಾ?"

ಒಂದೊಂದೇ ಮನೆಗೆ ಫೋನ್ ಮಾಡಿದರು. ನಾಲ್ಕನೆಯದು ಇಂದಿರಾನಗರದ ಗೌರಿ. ಆಕೆಯ ಅಳು ಫೋನಿನಿಂದ ಬೀದಿಗೇ ಕೇಳಿಸಿತು. ಮರುದಿನವೇ ಮಗನ ಮುಹೂರ್ತ!

ಬಾಬು ಆಟೋ ತೆಗೆದ. ನನ್ನನ್ನು ಹತ್ತಿಸಿಕೊಳ್ಳಲಿಲ್ಲ.

"ಆ ಚೀಟಿ ಹರಿ," ಎಂದರು ಸರೋಜಮ್ಮ. ಹರಿದೆ. "ಇನ್ನೂ ಸಣ್ಣಗೆ." ಹರಿದೆ. "ಸರಿ, ಕಂಪ್ಯೂಟರಲ್ಲಿರೋದನ್ನ ಹೇಗೆ ಹರೀತೀಯ?"

ಆಕೆ ಗ್ರಿಲ್ಲಿಗೆ ಎರಡು ಬೀಗ ಹಾಕಿ, ಎರಡನ್ನೂ ಎಳೆದು ನೋಡಿ, ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಆಟೋ ಹತ್ತಿದರು. ಆ ಎರಡನೆಯ ಬೀಗ ನನ್ನ ಲೆಕ್ಕದ್ದು.

ಮನೆಗೆ ಬಂದು, ಒಂದು ಲೋಟ ನೀರು ಹಿಡಿದು ಕುಸಿದು ಕೂತೆ. ಎಲ್ಲ ಕೇಳಿ ಪದ್ಮಾ ಹಣೆ ಚಚ್ಚಿಕೊಂಡಳು. "ಪಾತ್ರೆ ಮೇಲಿನ ಹೆಸರು ನಂಬ್ಕೊಂಡು ಹೋದ್ರಾ? ಕೈಯಲ್ಲಿರೋ ಲೋಟ ಓದಿ."

ಓದಿದೆ. 'ಬಿ. ನಂಜುಂಡಯ್ಯ.'

"ಯಾರೇ ಇವರು?"

"ಯಾರಿಗ್ಗೊತ್ತು? ನಮ್ಮ ಮದುವೇಲಿ ಕೊಟ್ಟಿದ್ದು."

ಮೂವತ್ತೆರಡು ವರ್ಷ ಆ ಲೋಟದಲ್ಲಿ ನೀರು ಕುಡಿದ ಪರಿಶೀಲಕ ನಾನು! ಯಾರಿರಬಹುದು ಈ ನಂಜುಂಡಯ್ಯ? ಕೈ ತಾನಾಗಿ ಮೊಬೈಲಿನ ಕಡೆಗೆ ಹೋಯಿತು.

ಪದ್ಮಾ ನೋಡಿದಳು. ಕೈ ಹಿಂದಕ್ಕೆ ಬಂತು.