ಸುದ್ದಿಯ ಹೊತ್ತಿನ ಚಹಾ

ಮೆಲ್ಲಗೆ ಮಾತನಾಡುವುದನ್ನು ಕಾನ್ವೆಂಟಿನ ಸಿಸ್ಟರುಗಳು ನನಗೆ ಎಷ್ಟು ಚೆನ್ನಾಗಿ ಕಲಿಸಿದರೆಂದರೆ, ಮದುವೆಯಾದ ಮೇಲೆ ನನ್ನ ಮಾತು ಯಾರ ಕಿವಿಗೂ ಬಿದ್ದಂತಿಲ್ಲ. ಸೀತಾಬರ್ಡಿ ಪೇಟೆಯ ನಮ್ಮ ಓಣಿಯಲ್ಲಿ ರೇಡಿಯೋ ಇರುವುದು ನಮ್ಮ ಮನೆಯಲ್ಲೊಂದೇ. ಅದರಲ್ಲಿ ಬರುವ ಸುದ್ದಿ ಕೇಳಿಸದಿರುವುದು ನನಗೊಬ್ಬಳಿಗೇ.

ಕೊರಿಯಾದಲ್ಲಿ ಯುದ್ಧ ಶುರುವಾದಾಗಿನಿಂದ ಪಕ್ಕದ ಮನೆಯ ವಕೀಲರು ಸಂಜೆಯ ಸುದ್ದಿಗೆಂದು ನಮ್ಮಲ್ಲಿಗೆ ಬರುತ್ತಾರೆ. ಬಂದವರು ಸುದ್ದಿ ಕೇಳುವುದಿಲ್ಲ. ರೇಡಿಯೋ ‘ಕೊರಿಯಾ’ ಎಂದದ್ದೇ ತಡ, ನಮ್ಮವರು ವಾದ ಹೂಡುತ್ತಾರೆ: “ಅದ ಅಮೆರಿಕಾ, ಅವ ವಿಮಾನ, ಅವ ಬಾಂಬು. ಹೋದ ಯುದ್ಧಕ್ಕೂ ಇದಕ್ಕೂ ಏನ್ ಫರಕ್ ಅದರಿ?”

ವಕೀಲರು ಕುರ್ಚಿಯ ತುದಿಗೆ ಸರಿಯುತ್ತಾರೆ. “ಛೇ, ರಾಯರ! ಆವಾಗ ಅಮೆರಿಕಾದವರ ಮನೀಗೇ ಬಂದು ಹೊಡದಿದ್ರು, ಅದಕ್ಕ ಎದ್ರು. ಈಗ ಮಂದಿ ಜಗಳಕ್ಕ ಹೋಗ್ಯಾರ. ಆವಾಗ ಶರಣಾಗು ಅಂದ್ರು. ಈಗ ಒಂದು ಗಡಿ ಗೆರಿ ಮ್ಯಾಲೆ ಕೂತು ಮಾತುಕತಿ ನಡಸ್ಯಾರ. ಹೋಲಿಕೀನ ಬರೋಬರ್ ಅಲ್ಲ!”

“ಸಾಯೋ ಮಂದಿ?”

“ಅದು ಬ್ಯಾರೆ ವಿಷಯ. ತಾಯಿ, ಚಹಾ ಮಸ್ತ್ ಆಗೇದ.”

ಆ ಬೇರೆ ವಿಷಯ ನನ್ನ ತಮ್ಮ ವಸಂತ. ಗಾಯಾಳುಗಳ ಶುಶ್ರೂಷೆಗೆ ನಮ್ಮ ದೇಶ ಅಲ್ಲಿಗೆ ಕಳಿಸಿದ ಸೇನಾ ತುಕಡಿಯಲ್ಲಿ ಅವನು ಡಾಕ್ಟರ್. ಹೊರಡುವ ಮುನ್ನ ಪಕ್ಕದ ಕಾಮಠಿಯ ಸೇನಾ ಶಿಬಿರದಿಂದ ಬಂದು, ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಅವಲಕ್ಕಿ ತಿಂದು ಹೋದ. ಬೂಟು ಬಿಚ್ಚಲು ಬೇಸರವೆಂದು ಹೊಸ್ತಿಲು ದಾಟಲಿಲ್ಲ. ಹೋದ ಯುದ್ಧಕ್ಕೆ ಅಣ್ಣ ಹೋಗಿದ್ದ. ಬರ್ಮಾದಿಂದ ಅವನು ಬರಲಿಲ್ಲ. ಆಗಲೂ ಹುಬ್ಬಳ್ಳಿಯ ಪಡಸಾಲೆಯಲ್ಲಿ ಅಪ್ಪನ ಸ್ನೇಹಿತರು, ಇದು ಮೊದಲನೆಯ ಮಹಾಯುದ್ಧದಂತೆಯೋ ಅಲ್ಲವೋ ಎಂದು ಹೀಗೇ ಕೂಗಾಡುತ್ತಿದ್ದರು. ನಾನು ಹೀಗೇ ತಟ್ಟೆ ಹಿಡಿದು ನಿಂತಿರುತ್ತಿದ್ದೆ. ಹೋಲಿಕೆ ಬೇಕಿದ್ದವರು ನನ್ನನ್ನು ಕೇಳಬಹುದಿತ್ತು.

ಮೊನ್ನೆ “ಭಾರತದ ವೈದ್ಯಕೀಯ ತುಕಡಿಯ…” ಎಂದಿತು ರೇಡಿಯೋ. ಮುಂದಿನದನ್ನು ವಕೀಲರ “ಹೋಲಿಕೀನ ಅಲ್ಲ!” ನುಂಗಿತು. “ಒಂದು ಗಳಿಗೆ ಸುಮ್ಮನಿರ್ರಿ” ಎಂದೆ, ಸಿಸ್ಟರುಗಳು ಮೆಚ್ಚುವಷ್ಟು ಮೆಲ್ಲಗೆ. ಸುದ್ದಿ ಮುಗಿದು ಶಹನಾಯಿ ಬಂತು. ಹೋಗಿ ರೇಡಿಯೋ ಆರಿಸಿದೆ. ಇಬ್ಬರೂ ತಟಕ್ಕನೆ ನನ್ನತ್ತ ತಿರುಗಿದರು.

“ಯಾಕ, ಏನಾತು?” ಎಂದರು ನಮ್ಮವರು.

“ವಸಂತನ ತುಕಡಿ ಸುದ್ದಿ ಹೇಳಿದ್ರು. ಏನಂದ್ರು, ಕೇಳಿಸ್ತೇನು?”

ನಮ್ಮವರು ವಕೀಲರತ್ತ ನೋಡಿದರು. ವಕೀಲರು ಕಪ್ಪನ್ನು ಕೆಳಗಿಟ್ಟು, “ತಾಯಿ, ನೀವು ಜರಾ ಜೋರಾಗಿ ಹೇಳಬೇಕಿತ್ತು” ಎಂದರು.

ಸರಿ, ಈಗಲಾದರೂ ಜೋರಾಗಿ ಹೇಳಿಯೇಬಿಡೋಣವೆಂದು ಬಾಯಿ ತೆರೆದೆ. “ಇನ್ನೊಂದು ಕಪ್ ಚಹಾ?” ಎಂದು ಹೊರಬಂತು. ಅದು ಮಾತ್ರ ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು.