ವಸಂತಮ್ಮನ ತಲೆ ಮೇಲಿನ ವೆಂಚರ್

ಸಾಹಸ ಪ್ರೋತ್ಸಾಹ ನಿಗಮದ ಮೈಸೂರು ಕಚೇರಿಯಲ್ಲಿ ಈವರೆಗೆ ಯಾರೂ ಯಾವ ಸಾಹಸವನ್ನೂ ಮಾಡಿಲ್ಲ. ಇದು ನಿಗಮದ ಶಿಸ್ತಿಗೆ ಸಾಕ್ಷಿ. ಜಯಲಕ್ಷ್ಮಿಪುರಂನ ಹಳೆಯ ಕಟ್ಟಡವೊಂದರಲ್ಲಿರುವ ನಮ್ಮ ಕಚೇರಿಯ ಕೆಲಸವೆಂದರೆ, ಹೊಸ ಉದ್ಯಮಕ್ಕೆ ಕೈಹಾಕುವ ಯುವಜನರಲ್ಲಿ ಧೈರ್ಯ ತುಂಬುವುದು. ರಾಹುಕಾಲದಲ್ಲಿ ಮತ್ತು ಆಷಾಢದಲ್ಲಿ ಧೈರ್ಯ ತುಂಬಲಾಗುವುದಿಲ್ಲ. ಉಳಿದಂತೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ.

ಹೀಗಿರುವಾಗ ಬೆಂಗಳೂರಿನ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು. 'ಸಿಬ್ಬಂದಿಯಲ್ಲಿ ಸಾಹಸ ಪ್ರವೃತ್ತಿ ಕುಂಠಿತವಾಗಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಆದಕಾರಣ ಸದರಿ ಪ್ರವೃತ್ತಿಯನ್ನು ಸೂಚಿಸುವ ಇಂಗ್ಲಿಷ್ ಪದಗಳನ್ನೂ ಅವುಗಳ ಸಮಾನಾರ್ಥಕ ಪದಗಳನ್ನೂ ಎಲ್ಲರೂ ಕಲಿಯತಕ್ಕದ್ದು.' ಸಾಹಸ ಮಾಡತಕ್ಕದ್ದು ಎಂದು ಎಲ್ಲೂ ಇರಲಿಲ್ಲ. ನಮಗೆಲ್ಲ ಹೋದ ಜೀವ ಬಂದಂತಾಯಿತು.

ಪಾಠ ಹೇಳಲು ರಕ್ಷಿತಾ ಎಂಬ ಇಂಗ್ಲಿಷ್ ಮೇಡಂ ಬಂದರು. ಬೋರ್ಡಿನ ಮೇಲೆ ರಿಸ್ಕ್, ಚಾನ್ಸ್, ಗ್ಯಾಂಬಲ್, ವೆಂಚರ್ ಎಂದು ಬರೆದು, "ನಾಲ್ಕೂ ಹೆಚ್ಚುಕಮ್ಮಿ ಅಕ್ಕತಂಗೀರು. ಸಂದರ್ಭ ನೋಡ್ಕೊಂಡು ಬಳಸಿ" ಎಂದರು.

ಸೂಪರಿಂಟೆಂಡೆಂಟ್ ಶಿವಲಿಂಗಯ್ಯನವರು ಎದ್ದು ನಿಂತರು. "ಸಂದರ್ಭ ಇರ್ಲಿ ಮೇಡಂ. ಸಾಹೇಬ್ರಿಗೂ ಅಟೆಂಡರ್‌ಗೂ ಒಂದೇ ಪದ ಅಂದ್ರೆ ಹೆಂಗೆ? ದರ್ಜೆ ಅನ್ನೋದು ಬೇಡ್ವಾ?"

ನ್ಯಾಯವಾದ ಮಾತು. ಸಾಹೇಬರ ಕುರ್ಚಿಗೆ ಟರ್ಕಿ ಟವೆಲ್ ಇದೆ, ನಮ್ಮ ಕುರ್ಚಿಗಿಲ್ಲ. ಪದಗಳಿಗೆ ಮಾತ್ರ ಭೇದವಿಲ್ಲವೆಂದರೆ ಕಚೇರಿ ನಡೆದೀತೆ? ಅಂದೇ ಆದೇಶವಾಯಿತು. ಅಟೆಂಡರ್ ಸಣ್ಣಮಾದಯ್ಯನಿಗೆ ರಿಸ್ಕ್, ಗುಮಾಸ್ತನಾದ ನನಗೆ ಚಾನ್ಸ್, ಶಿವಲಿಂಗಯ್ಯನವರಿಗೆ ಗ್ಯಾಂಬಲ್, ವ್ಯವಸ್ಥಾಪಕರಾದ ಚಂದ್ರಮೌಳಿ ಸಾಹೇಬರಿಗೆ ವೆಂಚರ್. ಕೆಳಗಿನವರ ಪದ ಮೇಲಿನ ಮೇಜಿಗೆ ಬಂದರೆ ಅಲ್ಲಿನ ದರ್ಜೆಗೆ ತಕ್ಕಂತೆ ತಿದ್ದಿಕೊಳ್ಳತಕ್ಕದ್ದು.

ಇನ್ನು ವಸಂತಮ್ಮ. ಕಚೇರಿಯ ಆವರಣದಲ್ಲೇ, ಕಿಟಕಿಯ ಮೇಲಿನ ಸಿಮೆಂಟ್ ಸಜ್ಜದ ಕೆಳಗೆ ಅವರದೊಂದು ಕಾಫಿ ಅಂಗಡಿ. ಅವರ ಕಾಫಿಯ ವಿಷಯದಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ಒಂದು ಬೆಳಿಗ್ಗೆ ಅವರು ಸಣ್ಣಮಾದಯ್ಯನನ್ನು ಕರೆದು ಮೇಲೆ ತೋರಿಸಿದರು.

"ಅಣ್ಣಾ, ಸಜ್ಜ ಬಿರುಕು ಬುಟ್ಟದೆ ನೋಡು. ಹಾಲಿನ ಪಾತ್ರೆಗೆ ಮರಳು ಉದುರ್ತದೆ. ನನ್ ತಲೆ ಮ್ಯಾಲೆ ಬಿದ್ರೆ ಎಂಗೆ? ಅಂಗಡೀನ ಆ ಹೊಂಗೆ ಮರದ ತಾವ್ಕೆ ಸರಿಸ್ಕೋತೀನಿ ಅಂತ ಸಾಹೇಬ್ರಿಗೆ ಒಂದ್ ಮಾತು ಹೇಳ್ಬುಡು."

ಮರ ಹತ್ತು ಹೆಜ್ಜೆ ದೂರದಲ್ಲಿದೆ. ಆದರೆ ಆವರಣದಲ್ಲಿ ಹೂವಿನ ಕುಂಡ ಸರಿಸಲೂ ಸಾಹೇಬರ ಅಪ್ಪಣೆ ಬೇಕು. ಸಣ್ಣಮಾದಯ್ಯ ನನ್ನ ಬಳಿ ಬಂದು, "ವಸಂತಮ್ಮ ರಿಸ್ಕ್‌ನಲ್ಲಿ ಅವ್ಳೆ ಸ್ವಾಮಿ, ಮರದ ತಾವ್ಕೆ ಸರಿಸ್ಕೋತಾಳಂತೆ" ಎಂದ. ನಾನು ನಿಯಮದಂತೆ, 'ವಸಂತಮ್ಮನವರು ಸಜ್ಜದ ಕೆಳಗೆ ಚಾನ್ಸ್ ತೆಗೆದುಕೊಳ್ಳುತ್ತಿದ್ದು, ಸ್ಥಳ ಬದಲಾವಣೆ ಕೋರಿದ್ದಾರೆ' ಎಂದು ಮಂಡಿಸಿದೆ.

ಶಿವಲಿಂಗಯ್ಯನವರು ಚಾನ್ಸ್ ಎಂಬುದನ್ನು ಹೊಡೆದುಹಾಕಿ ಗ್ಯಾಂಬಲ್ ಎಂದು ಬರೆದರು. ಆಮೇಲೆ ಪೆನ್ನು ಕಚ್ಚಿಕೊಂಡು ಯೋಚಿಸಿದರು. "ಗ್ಯಾಂಬಲ್‌ಗೆ ಕೂತೋರು ಜಾಗ ಬಿಟ್ಟು ಏಳ್ತಾರೇನ್ರೀ? ಹೊಂದಲ್ಲ."

"ಸಾರ್, ಅವರು ಕೇಳಿರೋದೇ ಅದನ್ನ."

"ಕೇಳಿರಬಹುದು ಕಣ್ರೀ. ವಾಕ್ಯಕ್ಕೆ ಹೊಂದಲ್ವಲ್ಲ!" ಎಂದು ಸ್ಥಳ ಬದಲಾವಣೆಯನ್ನು ಹೊಡೆದುಹಾಕಿದರು.

ಸಾಹೇಬರ ಮೇಜು ತಲುಪಿದಾಗ ಉಳಿದಿದ್ದು, 'ವಸಂತಮ್ಮನವರು ಸಜ್ಜದ ಕೆಳಗೆ ವೆಂಚರ್ ನಡೆಸುತ್ತಿದ್ದಾರೆ' ಎಂಬುದಷ್ಟೆ. ಚಂದ್ರಮೌಳಿ ಸಾಹೇಬರ ಕಣ್ಣು ತುಂಬಿ ಬಂತು. ನಿಗಮದ ಇತಿಹಾಸದ ಮೊದಲ ವೆಂಚರ್, ಅದೂ ನಮ್ಮದೇ ಆವರಣದಲ್ಲಿ!

ಮರುವಾರವೇ ಸನ್ಮಾನ. ವಸಂತಮ್ಮನವರನ್ನು ಸಜ್ಜದ ಕೆಳಗೇ ಕೂರಿಸಿ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, 'ವರ್ಷದ ಸಾಹಸಿ' ಎಂದು ಘೋಷಿಸಲಾಯಿತು. ಸಾಹೇಬರು ಹೊಂಗೆ ಮರದ ಕೆಳಗೆ ನಿಂತು ಮೈಕಿನಲ್ಲಿ ಮಾತಾಡಿದರು.

"ಶಾಲು ಗೀಲು ಬ್ಯಾಡಿ ಸ್ವಾಮಿ, ಸರಿಸ್ಕೊಳ್ಳೋಕೆ ಬುಟ್ಬುಡಿ ಸಾಕು" ಎಂದರು ವಸಂತಮ್ಮ.

"ನೋಡಿ, ಎಂಥ ವಿನಯ!" ಎಂದರು ಸಾಹೇಬರು. ಚಪ್ಪಾಳೆ ಬಿತ್ತು. ಬಿರುದಾಂಕಿತರು ಸ್ಥಳ ಬಿಟ್ಟು ಕದಲಿದರೆ ಯುವಜನರಿಗೆ ತಪ್ಪು ಸಂದೇಶ ಹೋಗುವುದರಿಂದ, ವರ್ಷ ಮುಗಿಯುವವರೆಗೆ ಅಲ್ಲೇ ಇರತಕ್ಕದ್ದೆಂದು ಆದೇಶವೂ ಆಯಿತು.

ಅಂದೇ ಎರಡನೆಯ ಪಾಠಕ್ಕೆ ಬಂದಿದ್ದ ರಕ್ಷಿತಾ ಮೇಡಂ ಸಜ್ಜ ನೋಡಿ ಕೂಗಿಕೊಂಡರು. "ಅಯ್ಯೋ, ಅದು ಬೀಳುತ್ತೆ ಕಣ್ರೀ! ಮೊದಲು ಅವರನ್ನ ಎಬ್ಬಿಸಿ!"

"ಇದಕ್ಕೆ ನಾಲ್ಕರಲ್ಲಿ ಯಾವ ಪದ ಮೇಡಂ?" ಎಂದು ಶಿವಲಿಂಗಯ್ಯನವರು ಪೆನ್ನು ತೆಗೆದರು.

"ಪದ ಯಾಕ್ರೀ? ಬೀಳುತ್ತೆ ಅಂದ್ರೆ ಬೀಳುತ್ತೆ!"

'ಬೀಳುತ್ತೆ' ಎಂಬುದು ಯಾವ ದರ್ಜೆಗೂ ಹಂಚಿಕೆಯಾಗಿರಲಿಲ್ಲ, ಮೇಲಾಗಿ ಕನ್ನಡ. ದಾಖಲಿಸಿಕೊಳ್ಳಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಆದರೆ ಭಯಕ್ಕೆ ನನ್ನ ದರ್ಜೆಯಲ್ಲಿ ಪದವಿಲ್ಲ.

ಶುಕ್ರವಾರ ವಸಂತಮ್ಮ ನಲ್ಲಿಗೆ ನೀರಿಗೆ ಹೋಗಿದ್ದಾಗ ಸಜ್ಜದ ಒಂದು ತುಂಡು ಬಿತ್ತು. ಕಾಫಿ ಫಿಲ್ಟರ್ ಅಪ್ಪಚ್ಚಿಯಾಯಿತು. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಕಣಮ್ಮ" ಎಂದು ಶಿವಲಿಂಗಯ್ಯನವರು ಹರಸಿದರು. ಉದ್ಯಮಿ ಸುರಕ್ಷಿತವಾಗಿರುವುದರಿಂದ ವೆಂಚರ್ ಯಶಸ್ವಿಯೆಂದು ಸಾಹೇಬರು ವರದಿ ಕಳಿಸಿದರು. ಸಜ್ಜದ ಮುಕ್ಕಾಲು ಭಾಗ ಇನ್ನೂ ಸೇವೆಯಲ್ಲಿದೆ. ನಿಗಮದ ವತಿಯಿಂದ ವಸಂತಮ್ಮನವರಿಗೆ ಒಂದು ಹೆಲ್ಮೆಟ್ ಮಂಜೂರಾಯಿತು.

ಈಗ ಎಲ್ಲ ಸುಸೂತ್ರ. ಸ್ಕೂಟರಿನಲ್ಲಿ ಬರುವ ಗಿರಾಕಿಗಳು ಹೆಲ್ಮೆಟ್ ತೆಗೆಯದೆ ಗಾಜು ಮಾತ್ರ ಮೇಲೆತ್ತಿ ಕಾಫಿ ಕುಡಿಯುತ್ತಾರೆ. ನಾನೂ ಹಾಗೇ ಕುಡಿಯುತ್ತೇನೆ, ರುಚಿಯೇನೂ ಕೆಟ್ಟಿಲ್ಲ. ಹೆಲ್ಮೆಟ್ಟಿನ ಮೇಲೆ ಪೇಟ ಕೂರುವುದಿಲ್ಲವಾದ್ದರಿಂದ, ಮಾಮೂಲಿ ದಿನ ಹೆಲ್ಮೆಟ್, ಅತಿಥಿಗಳು ಬಂದ ದಿನ ಪೇಟ ಎಂದು ನಿಗದಿಯಾಗಿದೆ.

ನಿನ್ನೆ ಬೆಂಗಳೂರಿನಿಂದ ಅತಿಥಿಗಳು ಬಂದಿದ್ದರು. ವಸಂತಮ್ಮ ಹೆಲ್ಮೆಟ್ ಕಳಚಿ ಪೇಟ ಇಟ್ಟುಕೊಂಡರು. ಒಮ್ಮೆ ಸಜ್ಜ ನೋಡಿದರು, ಕಣ್ಣು ಮುಚ್ಚಿ ಬೆಟ್ಟದ ತಾಯಿಯನ್ನು ನೆನೆದರು, ಆಮೇಲೆ ಹಾಲು ಕಾಯಲಿಟ್ಟರು. ಅತಿಥಿಗಳು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಕಾಫಿ ಬಹಳ ಚೆನ್ನಾಗಿದೆ ಎಂದರು.